ಬ್ಯಾಕ್‌ಗ್ರೌಂಡ್‌ವರ್ಕರ್: ಆಳು ಹಳಬ, ಕೆಲಸ ಚೊಕ್ಕ, ಜಗಳವೆಲ್ಲ ಬಾಗಿಲಲ್ಲಿ

ಮಂಗಳೂರಿನ ಬಂದರು ಪೇಟೆಯ ಸಗಟು ಅಂಗಡಿಗಳಲ್ಲಿ ತಿಂಗಳ 10ನೇ ತಾರೀಕು ಸಂಜೆ ಕೇಳಿಬರುವ ಮಾತು: “ಎಂತ ಮಾರಾಯ್ರೆ, ಸಿಸ್ಟಮ್ ಪುನಃ ಹ್ಯಾಂಗ್ ಆಯ್ತಾ?” ಮರುದಿನದೊಳಗೆ ಜಿಎಸ್‌ಟಿಆರ್-1 (ತಿಂಗಳ ಮಾರಾಟದ ಜಿಎಸ್‌ಟಿ ವಿವರ) ಹೋಗಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ, ಜಿಎಸ್‌ಟಿ ಪೋರ್ಟಲಿಗೆ ಏರಿಸುವ ಜೇಸನ್ (JSON) ಫೈಲ್ ಮಾಡುವ ಬಟನ್ ಒತ್ತಿದ್ದಾರೆ, ಕಿಟಕಿ ಮಂಕಾಗಿದೆ, ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬಂದಿದೆ. ನಿಜಕ್ಕೆ ಇನ್ನೂ ಏನೂ ಕೆಟ್ಟಿಲ್ಲ. ಒಂದು ಕಿಟಕಿ 5 ಸೆಕೆಂಡು ತನಗೆ ಬಂದ ಸಂದೇಶಗಳನ್ನು ನೋಡದಿದ್ದರೆ ವಿಂಡೋಸ್ ಅದರ ಜಾಗದಲ್ಲಿ ಮಂಕು ನಕಲೊಂದನ್ನು ನಿಲ್ಲಿಸುತ್ತದೆ. ಬಿಲ್ಲು ಓದಿ ಫೈಲ್ ಬರೆಯುವ ಕೆಲಸವನ್ನು ಆ ಕಿಟಕಿಯ ಥ್ರೆಡ್ಡೇ (ಪ್ರೋಗ್ರಾಮಿನೊಳಗೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವ ಆಳು) ಮಾಡುತ್ತಿದೆ, ಅಷ್ಟೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು ಎದ್ದು ಒಳಗೆ ದೋಸೆ ಎರೆಯಲು ಹೋದ ಹಾಗೆ: ದೋಸೆ ಆಗುತ್ತದೆ, ಆದರೆ ಬಿಲ್ಲು ಕೊಡಲು ನಿಂತವರ ಸಾಲು ಬಾಗಿಲು ದಾಟುತ್ತದೆ. ಅಷ್ಟರಲ್ಲಿ ತಾಳ್ಮೆ ಕೆಟ್ಟ ಯಾರೋ ಟಾಸ್ಕ್ ಮ್ಯಾನೇಜರ್ ತೆರೆದು ‘ಎಂಡ್ ಟಾಸ್ಕ್’ ಒತ್ತುತ್ತಾರೆ. ಆಗ ನಿಜವಾಗಿ ಕೆಡುತ್ತದೆ.

ಇದಕ್ಕೆ ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆ .ನೆಟ್‌ನಲ್ಲಿರುವ ಹಳೆಯ ಮದ್ದು ಬ್ಯಾಕ್‌ಗ್ರೌಂಡ್‌ವರ್ಕರ್. 2005ರಲ್ಲಿ .ನೆಟ್ ಫ್ರೇಮ್‌ವರ್ಕ್ 2.0 ಜೊತೆ ಬಂದ, ಉದ್ದದ ಕೆಲಸವನ್ನು ಬೇರೆ ಥ್ರೆಡ್ಡಿಗೆ ಒಪ್ಪಿಸುವ ಈ ಸಣ್ಣ ಕಾಂಪೊನೆಂಟ್ .ನೆಟ್ 8ರಲ್ಲೂ ಉಂಟು. ಬೆಲೆ ಸೊನ್ನೆ, ಬೇರೆ ಇನ್‌ಸ್ಟಾಲ್ ಇಲ್ಲ. ಹಳೆಯ ವಿನ್‌ಫಾರ್ಮ್ಸ್ (.ನೆಟ್‌ನಲ್ಲಿ ಕಿಟಕಿ ಕಟ್ಟುವ ಸಲಕರಣೆ) ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ನಮ್ಮ ಅಂಕ 5ಕ್ಕೆ 4. ಇವತ್ತು ಹೊಸದಾಗಿ ಬರೆಯಲು ಕೂತವರಿಗೆ 5ಕ್ಕೆ 2. ಒಳಗೆ ಕೆಲಸ ಮಾಡುವುದರಲ್ಲಿ ಈ ಆಳಿನದ್ದು ಏನೂ ತಪ್ಪಿಲ್ಲ. ಕೆಲಸ ಒಪ್ಪಿಸುವ, ಮುಗಿದದ್ದನ್ನು ವಾಪಸ್ ಪಡೆಯುವ ಬಾಗಿಲಿನಲ್ಲೇ ಎಲ್ಲ ಜಗಳ, ಮತ್ತು ಆ ಜಗಳದಲ್ಲಿ ಮುಕ್ಕಾಲು ಪಾಲು ಹೊಸ ಉಪಾಯಗಳಿಗೂ ತಪ್ಪಿದ್ದಲ್ಲ.

ಜೋಡಣೆ

ಪ್ರೋಗ್ರಾಮ್ ಬರೆಯುವ ವಿಷುವಲ್ ಸ್ಟುಡಿಯೋದ ಟೂಲ್‌ಬಾಕ್ಸ್‌ನಿಂದ ಎಳೆದು ಫಾರ್ಮಿನ, ಅಂದರೆ ಕಿಟಕಿಯ, ಮೇಲೆ ಬಿಟ್ಟರೆ ಕೆಳಗಿನ ಪಟ್ಟಿಯಲ್ಲಿ ಕೂರುತ್ತದೆ. ಈವೆಂಟ್ (ಏನಾದರೂ ನಡೆದಾಗ ನಮ್ಮ ಕೋಡನ್ನು ಓಡಿಸುವ ಕರೆ) ಮೂರೇ. ಅಸಲಿ ಕೆಲಸದ ಡೂವರ್ಕ್ ಓಡುವುದು ಥ್ರೆಡ್ ಪೂಲ್‌ನ (ಸಿದ್ಧವಾಗಿ ಕಾದಿರುವ ಥ್ರೆಡ್‌ಗಳ ಗುಂಪಿನ) ಥ್ರೆಡ್ಡಿನಲ್ಲಿ. ಪ್ರಗತಿ ತಿಳಿಸುವ ಪ್ರೋಗ್ರೆಸ್‌ಚೇಂಜ್ಡ್, ಮುಗಿದದ್ದು ತಿಳಿಸುವ ರನ್‌ವರ್ಕರ್‌ಕಂಪ್ಲೀಟೆಡ್ ಎರಡೂ ಯುಐ ಥ್ರೆಡ್ಡಿನಲ್ಲಿ, ಅಂದರೆ ಕಿಟಕಿಯನ್ನು ನಡೆಸುವ ಥ್ರೆಡ್ಡಿನಲ್ಲಿ. ಶುರುಮಾಡಲು ರನ್‌ವರ್ಕರ್‌ಅಸಿಂಕ್, ನಿಲ್ಲಿಸಲು ಕ್ಯಾನ್ಸಲ್‌ಅಸಿಂಕ್. ಇಷ್ಟು ಕಲಿಯಲು ಅರ್ಧ ಗಂಟೆ ಸಾಕು. ಈ ಸರಳತೆಗೇ ಮೊದಲ ಅಂಕ.

ಎಡವುವುದು ಎರಡು ಸ್ವಿಚ್‌ಗಳಲ್ಲಿ. ವರ್ಕರ್‌ರಿಪೋರ್ಟ್ಸ್‌ಪ್ರೋಗ್ರೆಸ್, ವರ್ಕರ್‌ಸಪೋರ್ಟ್ಸ್‌ಕ್ಯಾನ್ಸಲೇಶನ್ ಎರಡೂ ಬರುವಾಗ ‘ಫಾಲ್ಸ್’ ಆಗಿಯೇ ಬರುತ್ತವೆ. ಮೊದಲನೆಯದನ್ನು ‘ಟ್ರೂ’ ಮಾಡದೆ ಡೂವರ್ಕ್ ಒಳಗಿಂದ ರಿಪೋರ್ಟ್‌ಪ್ರೋಗ್ರೆಸ್ ಕರೆದರೆ ಇನ್‌ವ್ಯಾಲಿಡ್‌ಆಪರೇಶನ್‌ಎಕ್ಸೆಪ್ಶನ್ ಎಂಬ ಎಕ್ಸೆಪ್ಶನ್ (ಓಡುವಾಗ ಬರುವ ತಪ್ಪಿನ ಸೂಚನೆ) ಏಳುತ್ತದೆ. ಆದರೆ ಡೂವರ್ಕ್‌ನಲ್ಲಿ ಎದ್ದ ಎಕ್ಸೆಪ್ಶನ್ ಪರದೆಗೆ ಬರುವುದಿಲ್ಲ. ಕಂಪ್ಲೀಟೆಡ್ ಈವೆಂಟಿನ ‘ಇ.ಎರರ್’ ಒಳಗೆ ಹೋಗಿ ಕೂರುತ್ತದೆ. ಅದನ್ನು ತೆರೆದು ನೋಡದ ಕೋಡ್ ಇದ್ದರೆ ಬಳಕೆದಾರರಿಗೆ ಕಾಣುವುದು ಇಷ್ಟೆ: ಬಟನ್ ಒತ್ತಿದ ಕ್ಷಣವೇ “ಫೈಲ್ ತಯಾರಾಗಿದೆ”, ಫೋಲ್ಡರಿನಲ್ಲಿ ಏನೂ ಇಲ್ಲ.

ಹಾಗಾಗಿ ಕಂಪ್ಲೀಟೆಡ್‌ನಲ್ಲಿ ನೋಡುವ ಕ್ರಮ ತಪ್ಪಬಾರದು. ಮೊದಲು ಇ.ಎರರ್, ಅದು ಖಾಲಿ ಇದ್ದರೆ ಇ.ಕ್ಯಾನ್ಸಲ್ಡ್, ಅದೂ ಇಲ್ಲವಾದರೆ ಮಾತ್ರ ಇ.ರಿಸಲ್ಟ್. ತಪ್ಪು ನಡೆದಿದ್ದಾಗ ನೇರ ಇ.ರಿಸಲ್ಟ್‌ಗೆ ಕೈಹಾಕಿದರೆ ಟಾರ್ಗೆಟ್‌ಇನ್‌ವೊಕೇಶನ್‌ಎಕ್ಸೆಪ್ಶನ್ ಬರುತ್ತದೆ, ನಿಜವಾದ ಕಾರಣ ಅದರ ಇನ್ನರ್‌ಎಕ್ಸೆಪ್ಶನ್‌ನಲ್ಲಿ ಅಡಗಿರುತ್ತದೆ. ಇನ್ನು, ಡೀಬಗ್ ಮಾಡುವಾಗ (ತಪ್ಪು ಹುಡುಕುವಾಗ) ಡೂವರ್ಕ್ ಒಳಗೆ ವಿಷುವಲ್ ಸ್ಟುಡಿಯೋ ನಿಂತು ಎಕ್ಸೆಪ್ಶನ್ ತೋರಿಸಿದರೆ ಗಾಬರಿ ಬೇಡ. ಎಫ್5 ಒತ್ತಿ ಮುಂದೆ ಬಿಡಿ, ಅದು ಇ.ಎರರ್‌ಗೆ ತಲುಪುತ್ತದೆ.

ಒಬ್ಬ ಆಳು, ಒಂದು ಹೊತ್ತಿಗೆ ಒಂದೇ ಕೆಲಸ. ಓಡುತ್ತಿರುವಾಗ ಪುನಃ ರನ್‌ವರ್ಕರ್‌ಅಸಿಂಕ್ ಕರೆದರೆ ಮತ್ತೆ ಇನ್‌ವ್ಯಾಲಿಡ್‌ಆಪರೇಶನ್‌ಎಕ್ಸೆಪ್ಶನ್. ಬಟನ್ನನ್ನು ಮೊದಲ ಸಾಲಿನಲ್ಲೇ ನಿಷ್ಕ್ರಿಯ ಮಾಡಿ, ಕಂಪ್ಲೀಟೆಡ್‌ನಲ್ಲಿ ವಾಪಸ್ ತೆರೆಯಿರಿ. ಬಿಸಿನೆಸ್ ಹೊತ್ತಿನಲ್ಲಿ ಎಲ್ಲರೂ ಎಲ್ಲವನ್ನೂ ಎರಡು ಸಲ ಒತ್ತುತ್ತಾರೆ.

ಕೊಡುವುದು ಹೇಗೆ

ಡೂವರ್ಕ್ ಒಳಗೆ ಟೆಕ್ಸ್ಟ್‌ಬಾಕ್ಸ್, ಕಾಂಬೊಬಾಕ್ಸ್, ಗ್ರಿಡ್ ಯಾವುದನ್ನೂ ಮುಟ್ಟಬಾರದು, ಓದಲೂ ಬಾರದು. ಇದನ್ನು ಎಲ್ಲರೂ ಕೇಳಿರುತ್ತಾರೆ. ಕೇಳಿರದ ಸಂಗತಿ, ಈ ತಪ್ಪನ್ನು ಹಿಡಿಯುವ ಕಾವಲು ಸಾಮಾನ್ಯವಾಗಿ ಡೀಬಗರ್ ಜೋಡಿಸಿರುವಾಗ ಮಾತ್ರ ಎಚ್ಚರ ಇರುತ್ತದೆ ಎಂಬುದು. ನಿಮ್ಮ ಮೇಜಿನ ಮೇಲೆ ‘ಕ್ರಾಸ್ ಥ್ರೆಡ್’ ಎಂದು ಕೂಗುವ ಕೋಡ್ ಗಿರಾಕಿಯ ಅಂಗಡಿಯಲ್ಲಿ ಸುಮ್ಮನೆ ಓಡುತ್ತದೆ. ಒಂದು ದಿನ ಗ್ರಿಡ್ಡಿನ ಸಾಲು ಖಾಲಿ ಕಾಣುತ್ತದೆ, ಇನ್ನೊಂದು ದಿನ ಫಾರ್ಮ್ ಹೆಪ್ಪುಗಟ್ಟುತ್ತದೆ. ಪರೀಕ್ಷೆಗೆ ಕೊಡುವ ಪ್ರತಿಯಲ್ಲಿ, ಪ್ರೋಗ್ರಾಮ್ ಶುರುವಾಗುವ ಮೇನ್‌ನ ಮೊದಲ ಸಾಲಿನಲ್ಲಿ ಕಂಟ್ರೋಲ್ ಕ್ಲಾಸಿನ ಚೆಕ್‌ಫಾರ್‌ಇಲ್ಲೀಗಲ್‌ಕ್ರಾಸ್‌ಥ್ರೆಡ್‌ಕಾಲ್ಸ್ ಅನ್ನು ಕೈಯಾರೆ ‘ಟ್ರೂ’ ಮಾಡಿಡಿ. ಕೆಲವರು ಕೂಗು ನಿಲ್ಲಲಿ ಎಂದು ಅದನ್ನು ‘ಫಾಲ್ಸ್’ ಮಾಡುತ್ತಾರೆ. ನಾಯಿ ಬೊಗಳುತ್ತದೆ ಎಂದು ನಾಯಿಯ ಬಾಯಿ ಕಟ್ಟಿ ಬಾಗಿಲು ತೆರೆದಿಟ್ಟ ಹಾಗೆ.

ಬಟನ್ ಒತ್ತಿದಾಗಲೇ, ಯುಐ ಥ್ರೆಡ್ಡಿನಲ್ಲೇ, ಬೇಕಾದ್ದನ್ನೆಲ್ಲ ಓದಿಕೊಳ್ಳಿ: ಯಾವ ತಿಂಗಳು, ಯಾವ ಜಿಎಸ್‌ಟಿ ನಂಬರು, ಫೈಲ್ ಎಲ್ಲಿಗೆ. ಸಣ್ಣ ಕ್ಲಾಸಿನಲ್ಲಿ ಕಟ್ಟಿ ರನ್‌ವರ್ಕರ್‌ಅಸಿಂಕ್‌ಗೆ ಕೊಟ್ಟರೆ ಒಳಗೆ ಇ.ಆರ್ಗ್ಯುಮೆಂಟ್ ಆಗಿ ಸಿಗುತ್ತದೆ. ಡೇಟಾಬೇಸ್ ಕನೆಕ್ಷನ್ ಮಾತ್ರ ಕಟ್ಟಿ ಕಳಿಸಬೇಡಿ. ಅದನ್ನು ಡೂವರ್ಕ್ ಒಳಗೇ ತೆರೆದು ಒಳಗೇ ಮುಚ್ಚಿ. ಒಂದೇ ಕನೆಕ್ಷನ್ನನ್ನು ಎರಡು ಥ್ರೆಡ್ ಹಂಚಿಕೊಳ್ಳಬಾರದು. ಕ್ಲಿಪ್‌ಬೋರ್ಡ್, ಫೈಲ್ ಆರಿಸುವ ಡೈಲಾಗ್ ಸಹ ಹೊರಗೇ ಮುಗಿಯಲಿ. ಅವಕ್ಕೆ ಯುಐ ಥ್ರೆಡ್ಡಿನಂಥ ಎಸ್‌ಟಿಎ ಮಾದರಿಯ ಥ್ರೆಡ್ ಬೇಕು, ಪೂಲ್ ಥ್ರೆಡ್‌ಗಳು ಎಂಟಿಎ ಮಾದರಿಯವು.

ಲೆಕ್ಕದ ಸಾಫ್ಟ್‌ವೇರಿನವರಿಗೆ ಇನ್ನೊಂದು ಮಾತು. ಮೊತ್ತಕ್ಕೆ ಅಲ್ಪವಿರಾಮ ಹಾಕುವ ಕೆಲಸವನ್ನು ಡೂವರ್ಕ್‌ನಲ್ಲಿ ಮಾಡಬೇಡಿ. .ನೆಟ್ ಫ್ರೇಮ್‌ವರ್ಕ್ 4.6ಕ್ಕಿಂತ ಹಿಂದಿನವುಗಳಲ್ಲಿ, ಯುಐ ಥ್ರೆಡ್ಡಿಗೆ ನೀವು ಕೊಟ್ಟ ಭಾರತದ ಕಲ್ಚರ್ (ಅಂಕಿ, ತಾರೀಕು ಬರೆಯುವ ಪದ್ಧತಿ) ಪೂಲ್ ಥ್ರೆಡ್ಡಿಗೆ ದಾಟುವುದಿಲ್ಲ. ಪರದೆಯಲ್ಲಿ 1,25,000 ಇದ್ದದ್ದು ವರದಿಯಲ್ಲಿ 125,000 ಆಗುತ್ತದೆ. ಸಂಖ್ಯೆಯನ್ನು ಸಂಖ್ಯೆಯಾಗಿಯೇ ವಾಪಸ್ ಕೊಡಿ, ಅಲಂಕಾರ ಹೊರಗೆ.

ಪ್ರಗತಿ ಪಟ್ಟಿಯ ಪ್ರವಾಹ

ಇದು ನಾವು ಅತಿ ಹೆಚ್ಚು ಕಾಣುವ ದೋಷ. ತಿಂಗಳ 40,000 ಸಾಲು ಬಿಲ್ಲು, ಪ್ರತಿ ಸಾಲಿಗೂ ಒಂದು ರಿಪೋರ್ಟ್‌ಪ್ರೋಗ್ರೆಸ್. ಕೆಲಸವೇನೋ ಹಿನ್ನೆಲೆಗೆ ಹೋಯಿತು, ಫಾರ್ಮ್ ಮಾತ್ರ ಮೊದಲಿನಷ್ಟೇ ಹ್ಯಾಂಗ್! ಕಾರಣ, ಪ್ರತಿ ವರದಿಯೂ ಯುಐ ಥ್ರೆಡ್ಡಿನ ಸಾಲಿಗೆ ಹೋಗಿ ಬೀಳುವ ಒಂದು ಚೀಟಿ. ವಿಂಡೋಸ್ ಹೀಗೆ ಪೋಸ್ಟ್ ಆದ ಚೀಟಿಗಳನ್ನು ಮೊದಲು ಎತ್ತುತ್ತದೆ, ಮೌಸ್ ಮತ್ತು ಕೀಬೋರ್ಡ್ ಆಮೇಲೆ, ಕಿಟಕಿಗೆ ಬಣ್ಣ ಬಳಿಯುವುದು ಎಲ್ಲ ಮುಗಿದ ಮೇಲೆ. ಚೀಟಿಗಳ ರಾಶಿ ಕರಗುವ ತನಕ ‘ಕ್ಯಾನ್ಸಲ್’ ಬಟನ್ ಒತ್ತಿದ್ದೂ ತಲುಪುವುದಿಲ್ಲ.

ಪರಿಹಾರ ಎರಡುಂಟು. ಶೇಕಡಾ ಸಂಖ್ಯೆ ಬದಲಾದಾಗ ಮಾತ್ರ ವರದಿ ಮಾಡಿದರೆ 40,000 ಇದ್ದದ್ದು 0ಯಿಂದ 100ರವರೆಗೆ ಹೆಚ್ಚೆಂದರೆ 101ಕ್ಕೆ ಇಳಿಯುತ್ತದೆ. ಅಥವಾ ಡೂವರ್ಕ್ ಒಂದು ಎಣಿಕೆಯನ್ನು ಇಂಟರ್‌ಲಾಕ್ಡ್‌ನಿಂದ (ಎರಡು ಥ್ರೆಡ್ ಮುಟ್ಟಿದರೂ ಎಣಿಕೆ ತಪ್ಪದ ಹಾಗೆ) ಏರಿಸುತ್ತ ಹೋಗಲಿ, ಫಾರ್ಮಿನ ಟೈಮರ್ 200 ಮಿಲಿಸೆಕೆಂಡಿಗೊಮ್ಮೆ ಅದನ್ನು ನೋಡಿ ಪಟ್ಟಿ ಎಳೆಯಲಿ. ಎರಡನೆಯದು ನಮಗೆ ಹೆಚ್ಚು ಇಷ್ಟ: ಸಾಲು ಎಷ್ಟೇ ಇರಲಿ, ಪರದೆಯ ಕೆಲಸ ಸೆಕೆಂಡಿಗೆ ಐದೇ ಸಲ. ಜಾವಾದ ಸ್ವಿಂಗ್‌ವರ್ಕರ್ ಹತ್ತಿರ ಹತ್ತಿರ ಬಂದ ‘ಪಬ್ಲಿಶ್’ಗಳನ್ನು ತಾನೇ ಒಟ್ಟುಗೂಡಿಸಿ ಒಂದು ಪಟ್ಟಿಯಾಗಿ ಕೊಡುತ್ತದೆ. ಆ ಜಾಣತನ ಇದಕ್ಕಿಲ್ಲ.

ವರದಿಯ ಜೊತೆ ಸಾಲುಗಳನ್ನೂ ಕಳಿಸುವುದಾದರೆ ಪ್ರತಿ ಮಾಡಿ ಕಳಿಸಿ. ತಾನು ತುಂಬುತ್ತಲೇ ಇರುವ ಪಟ್ಟಿಯನ್ನು ಯೂಸರ್‌ಸ್ಟೇಟ್‌ನಲ್ಲಿ ಕೊಟ್ಟು, ಅತ್ತ ಗ್ರಿಡ್ ಅದನ್ನು ಎಣಿಸುತ್ತಿರುವಾಗ ಇತ್ತ ಮತ್ತೊಂದು ಸಾಲು ಸೇರಿಸಿದರೆ ‘ಕಲೆಕ್ಷನ್ ವಾಸ್ ಮಾಡಿಫೈಡ್’ ಖಚಿತ.

ನಿಲ್ಲು ಎಂದರೆ ನಿಲ್ಲುವುದಿಲ್ಲ

ಕ್ಯಾನ್ಸಲ್‌ಅಸಿಂಕ್ ಮಾಡುವುದು ಒಂದು ಬಾವುಟ ಎತ್ತುವ ಕೆಲಸ ಮಾತ್ರ. ಡೂವರ್ಕ್ ಆಗಾಗ ಕ್ಯಾನ್ಸಲೇಶನ್‌ಪೆಂಡಿಂಗ್ ನೋಡಿ, ಇ.ಕ್ಯಾನ್ಸಲ್ ‘ಟ್ರೂ’ ಮಾಡಿ, ತಾನಾಗಿ ಹೊರಬರಬೇಕು. ಲೂಪ್ ಇದ್ದಲ್ಲಿ ಇದು ಸುಲಭ. ಒಳಗೆ ಒಂದೇ ಉದ್ದನೆಯ ಎಸ್‌ಕ್ಯೂಎಲ್ ಪ್ರಶ್ನೆ ಕಾಯುತ್ತಿದ್ದರೆ ಬಾವುಟ ನೋಡುವವರೇ ಇಲ್ಲ. ಎಸ್‌ಕ್ಯೂಎಲ್‌ಕಮಾಂಡ್‌ನ ಕಾಲಮಿತಿ ನೀವು ಬದಲಿಸದಿದ್ದರೆ 30 ಸೆಕೆಂಡು, ಅಲ್ಲಿಯತನಕ ಕಾಯಬೇಕಾದೀತು.

ಮಲ್ಪೆ ಬಂದರಿನ ತೂಕದ ಕೋಣೆಯಲ್ಲಿ ಈ ದೋಷ ಇನ್ನೂ ಚೆನ್ನಾಗಿ ಕಾಣುತ್ತದೆ. ಮೀನಿನ ಕ್ರೇಟು ತಕ್ಕಡಿಯ ಮೇಲೆ, ತಕ್ಕಡಿಯಿಂದ ಸೀರಿಯಲ್ ವಯರು ಕಂಪ್ಯೂಟರಿಗೆ, ಡೂವರ್ಕ್ ಒಳಗೆ ರೀಡ್‌ಲೈನ್ ಕರೆಯುವ ಕೊನೆಯಿಲ್ಲದ ಲೂಪ್. ಸೀರಿಯಲ್‌ಪೋರ್ಟ್‌ನ ರೀಡ್‌ಟೈಮ್‌ಔಟ್‌ಗೆ ಮೊದಲಿಂದ ಮಿತಿಯೇ ಇರುವುದಿಲ್ಲ. ಯಾರೋ ತಕ್ಕಡಿ ಆಫ್ ಮಾಡಿದರೆ ರೀಡ್‌ಲೈನ್ ಅಲ್ಲೇ ಕೂತುಬಿಡುತ್ತದೆ, ಬಾವುಟವನ್ನು ತಿರುಗಿ ನೋಡುವುದಿಲ್ಲ. ರೀಡ್‌ಟೈಮ್‌ಔಟ್ 500 ಮಿಲಿಸೆಕೆಂಡ್ ಇಟ್ಟು, ಟೈಮ್‌ಔಟ್‌ಎಕ್ಸೆಪ್ಶನ್ ಹಿಡಿದು, ಬಾವುಟ ನೋಡಿ, ಪುನಃ ಓದಲು ಹೋಗಿ. ಅರ್ಧ ಸೆಕೆಂಡಿನೊಳಗೆ ನಿಲ್ಲುತ್ತದೆ.

ಇದೇ ತಕ್ಕಡಿಗೆ ಡೇಟಾರಿಸೀವ್ಡ್ ಈವೆಂಟ್ ಬಳಸುವವರಿಗೆ ಬೇರೆ ಹೊಂಡವಿದೆ. ಆ ಈವೆಂಟ್ ಯುಐ ಥ್ರೆಡ್ಡಿನಲ್ಲಿ ಬರುವುದಿಲ್ಲ, ಆದ್ದರಿಂದ ಲೇಬಲ್ ಬದಲಿಸಲು ‘ಇನ್‌ವೋಕ್’ (ಯುಐ ಥ್ರೆಡ್ಡಿಗೆ ಕೆಲಸ ಕೊಟ್ಟು ಮುಗಿಯುವ ತನಕ ಕಾಯುವ ಕರೆ) ಬರೆಯುತ್ತಾರೆ. ಸಂಜೆ ಕಿಟಕಿ ಮುಚ್ಚುವಾಗ ಯುಐ ಥ್ರೆಡ್ ಪೋರ್ಟನ್ನು ‘ಕ್ಲೋಸ್’ ಮಾಡಲು ಹೋಗಿ, ಓಡುತ್ತಿರುವ ಈವೆಂಟ್ ಮುಗಿಯಲಿ ಎಂದು ಕಾಯುತ್ತದೆ. ಈವೆಂಟು ‘ಇನ್‌ವೋಕ್’ ಒಳಗೆ ಯುಐ ಥ್ರೆಡ್ ಬಿಡುವಾಗಲಿ ಎಂದು ಕಾಯುತ್ತದೆ. ನೀನು ಮೊದಲು, ನೀನು ಮೊದಲು. ಕೊಟ್ಟು ಕಾಯದೆ ಮುಂದೆ ಹೋಗುವ ‘ಬಿಗಿನ್‌ಇನ್‌ವೋಕ್’ ಬರೆದರೆ ಈ ಉಪಚಾರ ತಪ್ಪುತ್ತದೆ. ಇನ್ನೊಂದು, ಈವೆಂಟ್ ಬಂದಾಗ ಪೂರ್ತಿ ತೂಕ ಬಂದಿರುತ್ತದೆ ಎಂದು ನಂಬಬೇಡಿ. 24.350 ಎಂಬುದು ಮೊದಲು 24.3, ಆಮೇಲೆ 50 ಆಗಿ ಬರಬಹುದು. ಸಾಲು ಮುಗಿಯುವ ಗುರುತು ಬರುವ ತನಕ ಕೂಡಿಸಿಡಿ.

ಇಡೀ ದಿನ ಓಡುವ ಇಂಥ ಕೆಲಸಕ್ಕೆ ಬ್ಯಾಕ್‌ಗ್ರೌಂಡ್‌ವರ್ಕರ್ ಸರಿಯಾದ ಆಳೇ ಅಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಪೂಲ್ ಥ್ರೆಡ್‌ಗಳು ಬಂದು ಮುಗಿಸಿ ಹೋಗುವ ದಿನಗೂಲಿಯವರು. ಕಾಯಂ ಕೂರುವವರಿಗೆ ಸ್ವಂತ ಥ್ರೆಡ್ ಕೊಡಿ.

ಮುಚ್ಚುವಾಗ

ಪೂಲ್ ಥ್ರೆಡ್‌ಗಳು ಹಿನ್ನೆಲೆ ಥ್ರೆಡ್‌ಗಳು. ಮುಖ್ಯ ಥ್ರೆಡ್ ಮುಗಿದರೆ ಅವು ಬರೆಯುತ್ತಿದ್ದ ಅಕ್ಷರವನ್ನೂ ಪೂರ್ತಿಮಾಡದೆ ಸಾಯುತ್ತವೆ. ಎಕ್ಸ್‌ಪೋರ್ಟ್ ನಡೆಯುತ್ತಿರುವಾಗ ಎಕ್ಸ್ ಗುರುತು ಒತ್ತಿದರೆ ಅರ್ಧ ಜೇಸನ್ ಉಳಿಯುತ್ತದೆ, ಅದನ್ನು ಪೋರ್ಟಲ್ ತಿರಸ್ಕರಿಸುತ್ತದೆ. ಫಾರ್ಮ್‌ಕ್ಲೋಸಿಂಗ್ ಈವೆಂಟಿನಲ್ಲಿ ಇಸ್‌ಬಿಸಿ (ವರ್ಕರ್ ಓಡುತ್ತಿದೆಯೇ ಎಂಬುದು) ನೋಡಿ. ಓಡುತ್ತಿದ್ದರೆ ಮುಚ್ಚುವುದನ್ನು ತಡೆದು, ಕ್ಯಾನ್ಸಲ್‌ಅಸಿಂಕ್ ಕರೆದು, ‘ಮುಚ್ಚಬೇಕು’ ಎಂದು ಗುರುತಿಟ್ಟುಕೊಳ್ಳಿ. ಕಂಪ್ಲೀಟೆಡ್ ಬಂದಾಗ ಆ ಗುರುತಿದ್ದರೆ ಫಾರ್ಮನ್ನು ಮುಚ್ಚಿ.

ಇಲ್ಲಿ ಒಂದು ಹಳೆಯ ಖಾಯಿಲೆ: ಇಸ್‌ಬಿಸಿ ಇರುವ ತನಕ ಸ್ಲೀಪ್ ಮಾಡುವ ಲೂಪನ್ನು ಫಾರ್ಮ್‌ಕ್ಲೋಸಿಂಗ್‌ನಲ್ಲೇ ಬರೆಯುವುದು. ಆ ಲೂಪ್ ಎಂದಿಗೂ ಮುಗಿಯದು. ಇಸ್‌ಬಿಸಿ ‘ಫಾಲ್ಸ್’ ಆಗುವುದೇ ಮುಕ್ತಾಯದ ಚೀಟಿಯನ್ನು ಯುಐ ಥ್ರೆಡ್ ಎತ್ತಿಕೊಂಡಾಗ, ಯುಐ ಥ್ರೆಡ್ಡೋ ಲೂಪಿನಲ್ಲಿ ನಿದ್ದೆ. ಇದಕ್ಕೆ ಕಾದಿರುವ ಚೀಟಿಗಳನ್ನು ನಡುವೆಯೇ ಎತ್ತಿಸುವ ಅಪ್ಲಿಕೇಶನ್.ಡೂಈವೆಂಟ್ಸ್ ಎಂಬ ತೇಪೆ ಹಾಕಿದರೆ ಲೂಪ್ ಮುಗಿಯುತ್ತದೆ, ಆದರೆ ನಡುವೆ ಬಳಕೆದಾರರು ಬೇರೆ ಬಟನ್ ಒತ್ತಿ ಅರ್ಧ ಮುಚ್ಚಿದ ಫಾರ್ಮಿನಲ್ಲಿ ಹೊಸ ಕೆಲಸ ಶುರುಮಾಡಬಹುದು.

ಜೂನ್ ತಿಂಗಳ ಕರಾವಳಿಯಲ್ಲಿ ಕರೆಂಟ್ ಕಿಟಕಿಯನ್ನು ಕೇಳಿ ಹೋಗುವುದಿಲ್ಲ. ಹಾಗಾಗಿ ಫೈಲನ್ನು ನೇರ ಅಸಲಿ ಹೆಸರಿನಲ್ಲಿ ಬರೆಯಬೇಡಿ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನಿಂದ ಬರೆದು, ಫ್ಲಶ್‌ಗೆ ‘ಟ್ರೂ’ ಕೊಟ್ಟು ಡಿಸ್ಕಿಗೆ ಇಳಿಸಿ, ಮುಚ್ಚಿ, ನಂತರ ಫೈಲ್.ರಿಪ್ಲೇಸ್ ಮಾಡಿ. ಹಳೆಯ ಫೈಲ್ ಇಲ್ಲದಿದ್ದರೆ ರಿಪ್ಲೇಸ್ ತಕರಾರು ಮಾಡುತ್ತದೆ, ಮೊದಲ ಸಲಕ್ಕೆ ಫೈಲ್.ಮೂವ್. ವಿಂಡೋಸಿನ ಟೆಂಪ್ ಫೋಲ್ಡರ್ ಬಳಸಬೇಡಿ. ಅದು ಬೇರೆ ಡ್ರೈವಿನಲ್ಲಿದ್ದರೆ ರಿಪ್ಲೇಸ್ ಆಗುವುದಿಲ್ಲ.

ಹೊಸಬರ ಜೊತೆ ಹೋಲಿಸಿದರೆ

2012ರಲ್ಲಿ .ನೆಟ್ 4.5 ಮತ್ತು ಸಿ ಶಾರ್ಪ್ ಭಾಷೆಯ 5ನೇ ಆವೃತ್ತಿ ಬಂದವು: ಅಸಿಂಕ್, ಅವೈಟ್ (ಥ್ರೆಡ್ ತಡೆಯದೆ ಕಾಯುವ ಪದಗಳು), ಟಾಸ್ಕ್.ರನ್ (ಕೆಲಸವನ್ನು ಪೂಲ್‌ಗೆ ಒಪ್ಪಿಸುವ ಕರೆ), ಐಪ್ರೋಗ್ರೆಸ್ (ಪ್ರಗತಿ ವರದಿಗೆ). ಕ್ಯಾನ್ಸಲೇಶನ್‌ಟೋಕನ್ (ಕೈಯಿಂದ ಕೈಗೆ ದಾಟಿಸಬಹುದಾದ ನಿಲ್ಲಿಸುವ ಬಾವುಟ) 4.0ರಲ್ಲೇ ಬಂದಿತ್ತು. ಹೊಸದಾಗಿ ಶುರುಮಾಡುವವರ ಲೆಕ್ಕದಲ್ಲಿ ಬ್ಯಾಕ್‌ಗ್ರೌಂಡ್‌ವರ್ಕರ್‌ನಿಂದ ನಾವು ಮೂರು ಅಂಕ ಕಿತ್ತುಕೊಂಡದ್ದು ಮುಖ್ಯವಾಗಿ ಈ ಟೋಕನ್‌ಗಾಗಿ. ವರ್ಕರ್‌ನ ಬಾವುಟವನ್ನು ಬೇರೆಯವರ ಕೈಗೆ ಕೊಡಲಾಗುವುದಿಲ್ಲ. ಟೋಕನ್ನನ್ನು ಎಚ್‌ಟಿಟಿಪಿಕ್ಲೈಂಟ್‌ಗೂ ಡೇಟಾಬೇಸ್ ಪ್ರಶ್ನೆಗೂ ದಾಟಿಸಬಹುದು, ಬಟನ್ ಒತ್ತಿದಾಗ ಕಾಯುತ್ತಿರುವುದನ್ನೇ ನಿಲ್ಲಿಸಲು ಕೇಳಬಹುದು. ತಪ್ಪುಗಳು ಸಾದಾ ಟ್ರೈ-ಕ್ಯಾಚ್‌ಗೆ ಬೀಳುತ್ತವೆ. ಮೂರು ಈವೆಂಟುಗಳಲ್ಲಿ ಚದುರಿದ್ದ ಕೆಲಸ ಮೇಲಿಂದ ಕೆಳಗೆ ಓದುವ ಒಂದೇ ಫಂಕ್ಷನ್ ಆಗುತ್ತದೆ.

ಆದರೆ ಪ್ರಗತಿಯ ಪ್ರವಾಹ ಇಲ್ಲೂ ಹಾಗೇ ಉಂಟು. ಐಪ್ರೋಗ್ರೆಸ್ ಕೂಡ ಚೀಟಿ ಹಾಕುವ ಗಿರಾಕಿಯೇ. ಯುಐ ಥ್ರೆಡ್ಡಿನಲ್ಲಿ ‘.ರಿಸಲ್ಟ್’ ಅಥವಾ ‘.ವೇಟ್’ ಬರೆದರೆ ತಕ್ಕಡಿಯ ಅದೇ ನೀನು-ಮೊದಲು ಕಥೆ ಮರುಕಳಿಸಬಹುದು. ಫೈಲ್ ಅರ್ಧ ಉಳಿಯುವ ತೊಂದರೆಯೂ ಹಾಗೇ.

ಎರಡನ್ನೂ ಬೆರೆಸುವುದು ಮಾತ್ರ ಖಂಡಿತ ಬೇಡ. ಡೂವರ್ಕ್ ಹ್ಯಾಂಡ್ಲರ್‌ಗೆ ಅಸಿಂಕ್ ಪದ ಸೇರಿಸಿ ಒಳಗೆ ಅವೈಟ್ ಬರೆದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಮೊದಲ ಅವೈಟ್ ನಿಜವಾಗಿ ಕಾಯಲು ನಿಂತ ಕ್ಷಣವೇ ವರ್ಕರ್ ಕೆಲಸ ಮುಗಿಯಿತೆಂದು ತಿಳಿದು ಕಂಪ್ಲೀಟೆಡ್ ಕರೆಯುತ್ತದೆ. ಉಳಿದ ಕೋಡ್ ಅನಾಥವಾಗಿ ಓಡುತ್ತದೆ, ಅಲ್ಲಿ ಎದ್ದ ಎಕ್ಸೆಪ್ಶನ್ ಇ.ಎರರ್‌ಗೆ ಬಾರದೆ ಇಡೀ ಪ್ರೋಗ್ರಾಮನ್ನೇ ಕೆಡವುತ್ತದೆ.

ಯಂತ್ರ ನೋಡಿಯೂ ತೀರ್ಮಾನಿಸಬೇಕು. ವಿಂಡೋಸ್ ಎಕ್ಸ್‌ಪಿ ಇನ್ನೂ ಉಸಿರಾಡುತ್ತಿರುವ ಕಡೆ .ನೆಟ್ 4.0 ಕೊನೆ, ಅಲ್ಲಿ ಬ್ಯಾಕ್‌ಗ್ರೌಂಡ್‌ವರ್ಕರ್‌ಗೇ ಅಂಟಿಕೊಳ್ಳಿ. ವಿಂಡೋಸ್ 7 ಎಸ್‌ಪಿ1 ಇದ್ದರೆ .ನೆಟ್ ಫ್ರೇಮ್‌ವರ್ಕ್ 4.8 ಓಡುತ್ತದೆ, ಅವೈಟ್ ಸಹ.

ಚೆನ್ನಾಗಿ ಓಡುತ್ತಿರುವ ಹಳೆಯ ವರ್ಕರ್‌ಗಳನ್ನು ಬರೀ ಹಳತೆಂದು ಕಿತ್ತುಹಾಕಬೇಡಿ. ಕ್ಯಾನ್ಸಲ್ ಕೆಲಸ ಮಾಡದ, ನೆಟ್‌ವರ್ಕಿಗೆ ಕಾಯುವ ಫಾರ್ಮುಗಳನ್ನು ಮಾತ್ರ ಒಂದೊಂದಾಗಿ ಬದಲಿಸಿ. ಡೂವರ್ಕ್‌ನ ಒಡಲನ್ನು ಬೇರೆ ಫಂಕ್ಷನ್ ಮಾಡಿ, ಒಳಕ್ಕೆ ಬೇಕಾದ ಮಾಹಿತಿ, ಐಪ್ರೋಗ್ರೆಸ್, ಟೋಕನ್ ಮೂರನ್ನೂ ಕೊಡಿ. ಪ್ರೋಗ್ರೆಸ್ ಆಬ್ಜೆಕ್ಟನ್ನು ಯುಐ ಥ್ರೆಡ್ಡಿನಲ್ಲೇ ಹುಟ್ಟಿಸಿ, ಇಲ್ಲದಿದ್ದರೆ ಅದಕ್ಕೆ ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ. ಬಟನ್ನಿನ ಹ್ಯಾಂಡ್ಲರ್ ಅಸಿಂಕ್ ಆಗಲಿ, ಅದರೊಳಗೆ ಟಾಸ್ಕ್.ರನ್‌ಗೆ ಅವೈಟ್, ಆಪರೇಶನ್‌ಕ್ಯಾನ್ಸಲ್ಡ್‌ಎಕ್ಸೆಪ್ಶನ್‌ಗೆ ಪ್ರತ್ಯೇಕ ಕ್ಯಾಚ್, ಬಟನ್ ವಾಪಸ್ ತೆರೆಯುವುದು ಫೈನಲಿಯಲ್ಲಿ.

ಮೀನಿನ ಲೆಕ್ಕದವರಿಗೆ ಇದಕ್ಕೆ ಒಳ್ಳೆಯ ಕಾಲ ಜೂನ್ 1ರಿಂದ ಜುಲೈ 31. ಯಾಂತ್ರಿಕ ಬೋಟುಗಳು ದಡದಲ್ಲಿರುವ ಆ 61 ದಿನ ತಕ್ಕಡಿಗೂ ಬಿಡುವು. ಆಫೀಸಿನ ಅತಿ ನಿಧಾನದ ಕಂಪ್ಯೂಟರ್ ಹಿಡಿಯಿರಿ. ಎಕ್ಸ್‌ಪೋರ್ಟ್ ಶುರುಮಾಡಿ, ಕಿಟಕಿಯನ್ನು ಎಳೆದಾಡಿ, ಬಟನ್ ಎರಡು ಸಲ ಒತ್ತಿ, ಅರ್ಧದಲ್ಲಿ ಕ್ಯಾನ್ಸಲ್ ಮಾಡಿ, ಪುನಃ ಶುರುಮಾಡಿ ಎಕ್ಸ್ ಒತ್ತಿ. ಮತ್ತೊಮ್ಮೆ ಶುರುಮಾಡಿ ನೆಟ್‌ವರ್ಕ್ ವಯರ್ ಕಿತ್ತು ನೋಡಿ: ಇ.ಎರರ್ ಪರದೆಗೆ ಬರಬೇಕು, ಹಳೆಯ ಫೈಲ್ ಹಾಗೇ ಇರಬೇಕು, ತಾತ್ಕಾಲಿಕ ಫೈಲ್ ಅಳಿಸಿಹೋಗಿರಬೇಕು. ತಕ್ಕಡಿ ಇದ್ದರೆ ಅದರ ಸ್ವಿಚ್ ಆಫ್ ಮಾಡಿ ಕಿಟಕಿ ಮುಚ್ಚುವುದು ಕೊನೆಯ ಪರೀಕ್ಷೆ.